ನಾಯಿ ಕಡಿತ ಮತ್ತು ಖಾರದಪುಡಿ: ಸತ್ಯಾಂಶ

ದಾವಣಗೆರೆ, ಚಿತ್ರದುರ್ಗದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುವ ಸಂದೇಶವೊಂದಿದೆ: ನಾಯಿ ಕಚ್ಚಿದ ಗಾಯಕ್ಕೆ ಖಾರದಪುಡಿಯನ್ನೋ ಸುಣ್ಣವನ್ನೋ ಮೆತ್ತಿದರೆ ನಂಜು ಇಳಿಯುತ್ತದೆ, ಚುಚ್ಚುಮದ್ದು ಬೇಕಿಲ್ಲ ಎಂಬುದು ಅದರ ತಿರುಳು. ಇದು ತಪ್ಪು. ರೇಬೀಸ್ ನಂಜಲ್ಲ, ವೈರಾಣು. ಅದು ನರಗಳ ಗುಂಟ ಮಿದುಳಿಗೆ ಏರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ಖಾರ ಗಾಯವನ್ನು ಕೆರಳಿಸುತ್ತದೆಯೇ ಹೊರತು ವೈರಾಣುವನ್ನು ತಡೆಯುವುದಿಲ್ಲ. ಆದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದರೆ, ವೈರಾಣುವಿನ ಕೊಬ್ಬಿನ ಹೊರಪದರ ಒಡೆಯುತ್ತದೆ. ಅನಂತರ ಲಸಿಕೆ ಬೇಕೇ ಬೇಕು. ಹೊಕ್ಕುಳ ಸುತ್ತ 14 ಸೂಜಿಯ ಕಾಲ ಮುಗಿದಿದೆ, ಈಗ ಕೊಡುವುದು ತೋಳಿಗೆ.

ಕಳುಹಿಸುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಕಚ್ಚಿದ ನಾಯಿಗಳೆಲ್ಲಕ್ಕೂ ರೇಬೀಸ್ ಇರುವುದಿಲ್ಲವಾದ್ದರಿಂದ, ಸುಣ್ಣ ಹಚ್ಚಿಕೊಂಡು ಆರಾಮಾಗಿರುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ಕೀರ್ತಿ ಸುಣ್ಣಕ್ಕೆ ಹೋಗುತ್ತದೆ. ಹಾಗಾಗಿ ಇಂಥ ಸಂದೇಶ ಬಂದಾಗ ಕೇಳಬೇಕಾದದ್ದು, ಗುಣವಾದವರಿಗೆ ಕಚ್ಚಿದ ನಾಯಿಗೆ ರೋಗವಿತ್ತೆಂದು ಖಚಿತವಾಗಿತ್ತೇ ಎಂಬುದನ್ನು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬಹುದು.

ಪಶು ವೈದ್ಯರನ್ನೂ ಕೇಳುವುದು ಒಳ್ಳೆಯದು, ಏಕೆಂದರೆ ಈ ರೋಗ ಕೊಟ್ಟಿಗೆಯನ್ನೂ ಬಿಡುವುದಿಲ್ಲ. ಹುಚ್ಚುನಾಯಿ ಕಚ್ಚಿದ ಎಮ್ಮೆ ಜೊಲ್ಲು ಸುರಿಸುತ್ತ ಮೇವು ನುಂಗಲಾರದೆ ನಿಂತಾಗ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈಯನ್ನು ಬಾಯೊಳಗೆ ಹಾಕಿ ನೋಡುವ ವಾಡಿಕೆಯಿದೆ. ಬೆರಳಿನಲ್ಲಿ ಸಣ್ಣ ಗೀರಿದ್ದರೂ ಅಪಾಯವೇ. ಊರಿನ ನಾಯಿಗಳಿಗೆ ಲಸಿಕೆ ಹಾಕಿಸಿದರೆ ಎಮ್ಮೆಗೂ ಯಜಮಾನನಿಗೂ ಒಟ್ಟಿಗೇ ರಕ್ಷಣೆ ಸಿಗುತ್ತದೆ.