ತಪಾಸಣೆಯ ದಿನ ಮಾತ್ರ ಟೋಪಿ

ಇವತ್ತು ಬೆಳಿಗ್ಗೆ ಮುಂಬೈಯ ಮುಲುಂಡ್‌ನಲ್ಲಿ, ನಮ್ಮವರದೇ ಹೋಟೆಲಿನಲ್ಲಿ ಇಡ್ಲಿಗೆ ಕೂತಿದ್ದೆ. ಹುಡುಗ ಟೇಬಲ್ ಒರೆಸಿದ. ಅದೇ ಬಟ್ಟೆಯಲ್ಲಿ ನನ್ನ ತಟ್ಟೆಯನ್ನೂ ಒರೆಸಿ ಮುಂದಿಟ್ಟ. ಸಾಕಾಯ್ತು. ಎದ್ದುಬಿಟ್ಟೆ.

ಹೋದ ತಿಂಗಳು ಅಧಿಕಾರಿಗಳು ತಪಾಸಣೆಗೆ ಬಂದಾಗ ಇದೇ ಜಾಗ ಹೇಗೆ ಹೊಳೆಯುತ್ತಿತ್ತು! ಎಲ್ಲರ ತಲೆಗೂ ಟೋಪಿ, ಕೈಗೆ ಗ್ಲೌಸ್. ಅವರ ಗಾಡಿ ತಿರುವು ದಾಟುವ ಮೊದಲೇ ಎಲ್ಲ ಮೂಲೆ ಸೇರಿತು. ವಡೆ ಮತ್ತೆ ಹಳೇ ಪೇಪರಿನಲ್ಲಿ. ಪೇಪರಿನ ಶಾಯಿ ತಿಂಡಿಗೆ ಇಳಿಯುತ್ತದೆ, ಅದರಲ್ಲಿ ಕಟ್ಟಬೇಡಿ ಅಂತ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ಎಷ್ಟು ಸಲ ಹೇಳಬೇಕು?

ಗೋಡೆಗೆ 14 ಅಂಕಿಯ ಲೈಸೆನ್ಸ್ ನಂಬರ್ ತೂಗುಹಾಕಿದರೆ ಚಟ್ನಿ ಕೆಡದೆ ಉಳಿಯುತ್ತಾ? ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಯೊಳಗೆ. ಇಲ್ಲಿ ಬೆಳಿಗ್ಗೆ ಆರಕ್ಕೆ ರುಬ್ಬಿದ ಕಾಯಿ ಚಟ್ನಿ ಮಧ್ಯಾಹ್ನ ಮೂರಕ್ಕೂ ಬಕೆಟಿನಲ್ಲೇ. ಅದೂ ಮುಂಬೈಯ ಈ ಸೆಕೆಯಲ್ಲಿ! ಮುಚ್ಚಳವೂ ಇಲ್ಲ.

ಉಡುಪಿ ಹೋಟೆಲು ಅಂದರೆ ಶುಚಿ ಅಂತ ನಮ್ಮ ಹಿರಿಯರು ಹೆಸರು ಗಳಿಸಿದ್ದು ಇದೇ ಊರಿನಲ್ಲಿ ಅಲ್ವಾ? ಆ ಬೋರ್ಡಿನ ಕೆಳಗೇ ಇದಾ?

ಗಲ್ಲಾದಲ್ಲಿದ್ದವರನ್ನು ಕೇಳಿದೆ. "ಏನಾಗಲ್ಲ ಅಣ್ಣಾ, ಸುಮ್ನೆ ತಿನ್ನಿ" ಅಂದರು. ಹೋದ ವಾರ ಇಲ್ಲಿಂದ ಪಾರ್ಸಲ್ ತಂದ ರಾತ್ರಿಯಿಂದ ನನ್ನ ಮಗಳು ಮೂರು ದಿನ ವಾಂತಿ ಮಾಡಿ ಮಲಗಿದ್ದಳು. ಅದು ಏನೂ ಅಲ್ವಾ?