ಘಟ್ಟ ಹತ್ತುವ ಲಾರಿಗೂ ಕಚೇರಿಯ ಕಂಪ್ಯೂಟರಿಗೂ ಹೊಣೆಗಾರ ಒಬ್ಬನೇ

ಶಿರಸಿಯ ಅಡಿಕೆಯನ್ನು ಉತ್ತರ ಭಾರತಕ್ಕೂ ಕಾರವಾರ ಬಂದರಿಗೆ ಬಂದಿಳಿದ ಡಾಂಬರನ್ನು ಘಟ್ಟದ ಮೇಲಕ್ಕೂ ಸಾಗಿಸುವ ನಮ್ಮ ಉತ್ತರ ಕನ್ನಡ ಜಿಲ್ಲೆಯ ಲಾರಿ ಮಾಲೀಕರ ಬಳಿ ಅಪಾಯದ ಮಾತೆತ್ತಿದರೆ, ಇನ್ಶೂರೆನ್ಸ್ ತುಂಬಿದ್ದೇವೆ, ಎಫ್‌ಸಿ (ವಾಹನ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಆಗಿದೆ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕುಮಟಾ ಮೂಲದ ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಪ್ರದೇಶದಲ್ಲಿ ಸರಕು ಸಾಗಣೆ ಕಂಪನಿಗಳ ಅಪಾಯ ಪರಿಶೀಲನೆಯ ಕೆಲಸದಲ್ಲಿರುವುದರಿಂದ ಈ ಉತ್ತರ ನನಗೆ ಪ್ರತಿಸಲವೂ ಆತಂಕ ತರುತ್ತದೆ. ವಿಮೆ ನಷ್ಟವಾದ ಮೇಲಿನ ವ್ಯವಸ್ಥೆ, ಅದೂ ನಷ್ಟದ ಒಂದು ಭಾಗಕ್ಕೆ ಮಾತ್ರ. ಲಾರಿ ಗ್ಯಾರೇಜಿನಲ್ಲಿ ನಿಂತ ದಿನಗಳ ಬಾಡಿಗೆ ಸಾಮಾನ್ಯ ಪಾಲಿಸಿಯಲ್ಲಿ ಸಿಗುವುದಿಲ್ಲ, ಒಳಗಿನ ಸರಕಿಗೆ ಬೇರೆಯೇ ಪಾಲಿಸಿ ಬೇಕು. ಚಾಲಕನ ಪರವಾನಗಿ ಸರಿಯಿಲ್ಲದಿದ್ದರೆ ವಿಮಾ ಕಂಪನಿಯು ಸಂತ್ರಸ್ತರಿಗೆ ಪರಿಹಾರ ಕೊಟ್ಟು ಆ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಅವಕಾಶ ಕೊಟ್ಟಿವೆ.

ಬ್ರಿಟನ್ನಿನಲ್ಲಿ ಭಾರದ ಸರಕು ವಾಹನ ಓಡಿಸುವ ಸಂಸ್ಥೆಯೇ ಆಪರೇಟರ್ ಲೈಸೆನ್ಸ್ ಪಡೆಯಬೇಕು. ಬೆಳಿಗ್ಗೆ ಚಾಲಕನು ಲಾರಿಯ ಸುತ್ತ ಒಂದು ಸುತ್ತು ಹಾಕಿ ಟೈರು, ಗಾಲಿಯ ನಟ್ಟು, ದೀಪ, ಬ್ರೇಕಿನ ಗಾಳಿ, ಸರಕು ಕಟ್ಟಿದ ಹಗ್ಗ ಎಲ್ಲವನ್ನೂ ನೋಡಿ ಚೀಟಿ ಬರೆಯುತ್ತಾನೆ. ದೋಷವಿಲ್ಲದಿದ್ದರೆ ‘ದೋಷವಿಲ್ಲ’ ಎಂದು ಬರೆಯುವುದೇ ಅಲ್ಲಿನ ವಾಡಿಕೆ. ದೋಷ ಕಂಡರೆ ಅದನ್ನು ಯಾರು, ಯಾವಾಗ ಸರಿಪಡಿಸಿದರು ಎಂಬುದು ಅದೇ ಚೀಟಿಗೆ ಸೇರುತ್ತದೆ. ಈ ದಾಖಲೆ ಕನಿಷ್ಠ 15 ತಿಂಗಳು ಕಚೇರಿಯಲ್ಲಿರಬೇಕು. ನಾಲ್ಕೂವರೆ ಗಂಟೆ ಓಡಿಸಿದ ಚಾಲಕನಿಗೆ 45 ನಿಮಿಷದ ವಿಶ್ರಾಂತಿ ಕಡ್ಡಾಯ, ಅದನ್ನು ಟ್ಯಾಕೋಗ್ರಾಫ್ ಯಂತ್ರ ದಾಖಲಿಸುತ್ತದೆ. ಇದರಲ್ಲಿ ಪದೇಪದೇ ತಪ್ಪಿದರೆ ಟ್ರಾಫಿಕ್ ಕಮಿಷನರ್ ಎಂಬ ಲೈಸೆನ್ಸ್ ಅಧಿಕಾರಿ ಸಂಸ್ಥೆಯ ಲೈಸೆನ್ಸನ್ನೇ ರದ್ದುಪಡಿಸಬಹುದು.

ನಮ್ಮಲ್ಲಿ ಕಾನೂನು ಇರಲಿಲ್ಲವೆಂದಲ್ಲ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎಂದು ಗೊತ್ತುಪಡಿಸಿತ್ತು. ಆದರೆ ಅದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದುದರಿಂದ ಒಂದೆರಡು ಲಾರಿಯ ಸಣ್ಣ ಮಾಲೀಕರು ಹೊರಗುಳಿದರು. 2025ರ ಜನವರಿ 22ರ ನಸುಕಿನಲ್ಲಿ ಅರಬೈಲ್ ಘಟ್ಟದ ಕಡೆ, ಸವಣೂರಿನಿಂದ ಕುಮಟಾ ಸಂತೆಗೆ ಬರುತ್ತಿದ್ದ ತರಕಾರಿ ಲಾರಿ ಪಲ್ಟಿಯಾಗಿ ಹತ್ತು ಜನ ವ್ಯಾಪಾರಿಗಳು ಸತ್ತರು. ಇಂಥ ದುರಂತಗಳ ನಂತರ ನಮ್ಮಲ್ಲಿ ಬರೆಯುವ ದೂರಿನಲ್ಲಿ ಚಾಲಕನ ಅತಿವೇಗ ಮತ್ತು ಅಜಾಗರೂಕತೆ ಎಂಬ ಮಾತು ತಪ್ಪುವುದಿಲ್ಲ. ಚಾಲಕ ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದ, ಸರಕಿನ ಜೊತೆಗೆ ಜನರನ್ನು ಹತ್ತಿಸಿಕೊಳ್ಳುವ ಪದ್ಧತಿಗೆ ಒಪ್ಪಿದವರು ಯಾರು ಎಂಬುದನ್ನು ಹೇಳುವ ಕಾಗದ ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ. ಮಳೆಗಾಲದ ತೀರ್ಮಾನಗಳದ್ದೂ ಇದೇ ಕಥೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಕೊಚ್ಚಿಹೋದದ್ದು ಚಹಾ ಕುಡಿಯಲು ಲಾರಿಗಳು ನಿಲ್ಲುತ್ತಿದ್ದ ಜಾಗ. ರೆಡ್ ಅಲರ್ಟ್ ಇದ್ದಾಗ ಘಟ್ಟ ಇಳಿಯಬೇಕೇ, ಯಾವ ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಬಾರದು ಎಂಬ ತೀರ್ಮಾನವನ್ನು ಇಂದಿಗೂ ಒಬ್ಬಂಟಿ ಚಾಲಕನ ತಲೆಗೆ ಕಟ್ಟುತ್ತಿದ್ದೇವೆ, ಮತ್ತು ಇದು ನ್ಯಾಯವಲ್ಲ.

ಇಷ್ಟು ಶಿಸ್ತಿರುವ ಇಂಗ್ಲೆಂಡಿನಲ್ಲೂ ಒಂದು ಬಾಗಿಲು ತೆರೆದೇ ಇತ್ತು. ನಾರ್ಥಾಂಪ್ಟನ್‌ಶೈರಿನ ‘ನೈಟ್ಸ್ ಆಫ್ ಓಲ್ಡ್’ 1865ರಲ್ಲಿ ಆರಂಭವಾದ ಸಾಗಣೆ ಸಂಸ್ಥೆ. ಅದು ಸೇರಿದ್ದ ಸಮೂಹದ ಬಳಿ ಸುಮಾರು 500 ಲಾರಿಗಳಿದ್ದವು. 2023ರ ಜೂನ್‌ನಲ್ಲಿ ರ‍್ಯಾನ್ಸಮ್‌ವೇರ್ ದಾಳಿಕೋರರು (ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವವರು), ಸಿಬ್ಬಂದಿಯೊಬ್ಬರ ಸುಲಭದ ಪಾಸ್‌ವರ್ಡನ್ನು ಊಹಿಸಿ ಒಳನುಗ್ಗಿದರೆಂದು ನಂಬಲಾಗಿದೆ. ಲಾರಿಗಳಿಗೆ ಗೀರೂ ಬೀಳಲಿಲ್ಲ. ಆದರೆ ಹಣಕಾಸಿನ ಲೆಕ್ಕವೆಲ್ಲ ಬೀಗ ಬಿದ್ದ ಕಡತಗಳೊಳಗೆ ಉಳಿದು, ಸಾಲ ಕೊಟ್ಟವರಿಗೆ ತೋರಿಸಲು ಅಂಕಿಅಂಶವಿಲ್ಲದೆ, ಸೆಪ್ಟೆಂಬರ್ ವೇಳೆಗೆ ಸಮೂಹವೇ ಮುಳುಗಿ ಸುಮಾರು 700 ಜನ ಕೆಲಸ ಕಳೆದುಕೊಂಡರು. ಸೈಬರ್ ವಿಮೆ ಅವರ ಬಳಿಯೂ ಇತ್ತು.

ಇದು ದೂರದ ದೊಡ್ಡವರ ಕಥೆಯೆಂದು ನಮ್ಮವರು ತಿಳಿಯಬಾರದು. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಟೋಲ್‌ಗೆ ಫಾಸ್ಟ್ಯಾಗ್, ಲಾರಿ ಎಲ್ಲಿದೆಯೆಂದು ನೋಡಲು ಜಿಪಿಎಸ್, ಬಾಡಿಗೆಗೆ ಯುಪಿಐ: ಇವೆಲ್ಲ ಓಡುವುದು ಬಹುಪಾಲು ಮಾಲೀಕನ ಒಂದೇ ಫೋನಿನಲ್ಲಿ. ಆ ಫೋನಿಗೆ ವಾಟ್ಸಾಪ್‌ನಲ್ಲಿ ‘ಆರ್‌ಟಿಒ ಚಲನ್’ ಹೆಸರಿನ ಎಪಿಕೆ ಕಡತ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಕಡತ) ಬರುತ್ತದೆ. ದಂಡ ನಿಜವಾಗಿಯೂ ಆಗಾಗ ಬೀಳುವುದರಿಂದ ಮಾಲೀಕ ಅದನ್ನು ಒತ್ತುತ್ತಾನೆ, ಆ್ಯಪ್ ಕೇಳಿದ ಅನುಮತಿ ಕೊಡುತ್ತಾನೆ, ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿಗಳೆಲ್ಲ ಕಳ್ಳನಿಗೆ ತಲುಪುತ್ತವೆ. ಬಾಡಿಗೆ ಖಾತೆ ಬರಿದಾದ ದಿನ ಡೀಸೆಲ್‌ಗೆ ಹಣವಿಲ್ಲದೆ ಯಲ್ಲಾಪುರದ ಬಂಕಿನಲ್ಲಿ ನಿಲ್ಲುವುದು ಲಾರಿಯೇ. ಆದ್ದರಿಂದಲೇ ವಾಹನದ ಅಪಾಯ, ಕಂಪ್ಯೂಟರಿನ ಅಪಾಯ ಎಂದು ಎರಡು ಕಪಾಟು ಮಾಡುವುದನ್ನು ನಾನು ಒಪ್ಪುವುದಿಲ್ಲ.

ಒಂದು ವಿಷಯದಲ್ಲಿ ನಮ್ಮ ಕರಾವಳಿಯ ರೀತಿಯೇ ಮೇಲು. ಇಂಗ್ಲೆಂಡಿನ ಕಚೇರಿಗಳಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ನಕಲಿ ಇ-ಮೇಲ್ ನಂಬಿ ಹಣ ಕಳಿಸುವುದುಂಟು, ಏಕೆಂದರೆ ಎದುರಿನವರ ಧ್ವನಿಯೇ ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಶಿರಸಿಯ ವ್ಯಾಪಾರಸ್ಥ ಮೊದಲು ಫೋನ್ ಹಚ್ಚಿ, ಮನೆಮಂದಿಯ ಆರೋಗ್ಯ ಕೇಳಿ, ಆಮೇಲೆ ಲೆಕ್ಕಕ್ಕೆ ಬರುತ್ತಾನೆ. ಖಾತೆ ಬದಲಾದ ಸಂದೇಶ ಬಂದರೆ ಹಳೆಯ ನಂಬರಿಗೆ ಕರೆಮಾಡಿ ಕೇಳದೆ ಹಣ ಹಾಕುವುದಿಲ್ಲ ಎಂದು ಇದನ್ನೇ ನಿಯಮ ಮಾಡಿದರೆ, ಯಾವ ದುಬಾರಿ ಸಾಫ್ಟ್‌ವೇರೂ ಕೊಡದ ರಕ್ಷಣೆ ಸಿಗುತ್ತದೆ.

ಉಳಿದದ್ದನ್ನು ಒಬ್ಬೊಬ್ಬರೇ ಮಾಡಲಾಗದು, ಕೂಡಿ ಮಾಡಬಹುದು. ಅಡಿಕೆ ಬೆಳೆಗಾರರು 1923ರಲ್ಲೇ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ ಜಿಲ್ಲೆಯಿದು. ತಾಲೂಕಿನ ಸಣ್ಣ ಮಾಲೀಕರೆಲ್ಲ ಸೇರಿ ಒಬ್ಬ ಸುರಕ್ಷತಾ ಮೇಲ್ವಿಚಾರಕನನ್ನು ನೇಮಿಸಿಕೊಳ್ಳಲಿ. ಬೆಳಗಿನ ಚೀಟಿ ನೋಡುವುದು, ಮಳೆಗಾಲದಲ್ಲಿ ಘಟ್ಟದ ಸ್ಥಿತಿ ತಿಳಿದು ಲಾರಿ ಹೊರಡಬೇಕೇ ಎಂದು ಹೇಳುವುದು, ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಇಂಟರ್ನೆಟ್ ಸಂಪರ್ಕವಿಲ್ಲದ ಡಿಸ್ಕಿಗೆ ಇಳಿಸಿ ಕಪಾಟಿನಲ್ಲಿಡುವುದು, ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿಸುವುದು, ಸೈಬರ್ ದಾಳಿಯಾದರೆ ತಿಳಿದ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂಬ 2022ರ ನಿರ್ದೇಶನ ಪಾಲನೆಯಾಗುವಂತೆ ನೋಡಿಕೊಳ್ಳುವುದು ಆತನ ಕೆಲಸ. ಸಂಬಳವನ್ನು ಲಾರಿಗಿಷ್ಟೆಂದು ಹಂಚಿಕೊಳ್ಳಬಹುದು. ಆದರೆ ‘ಇವತ್ತು ಲಾರಿ ಹೊರಡುವುದು ಬೇಡ’ ಎಂದು ಆತ ಹೇಳಿದರೆ ಯಾವ ಮಾಲೀಕನೂ ಅದನ್ನು ಮೀರಕೂಡದು ಎಂಬ ಷರತ್ತು ಒಪ್ಪಂದದಲ್ಲಿ ಮೊದಲೇ ಬರೆದಿರಬೇಕು.