ಯುದ್ಧ ಮಾಡದವರಿಗ್ಯಾಕೆ ಸ್ಮಾರಕ ಅಂದ್ರು ಚಿಕ್ಕಪ್ಪ

ಊರಿಂದ ಚಿಕ್ಕಪ್ಪ ಬಂದು ಮೂರು ವಾರ ಆಯ್ತು ಅನ್ನೋದು ನಿಮಗೆಲ್ಲ ಗೊತ್ತಿರೋದೇ (ಹೌದು, ಅವರೇ, ನಯಾಗರಾ ಮುಂದೆ ನಿಂತು "ನಮ್ಮ ಜೋಗದಷ್ಟು ಎತ್ತರ ಇಲ್ಲ ಬಿಡು" ಅಂದವ್ರು). ನಿನ್ನೆ ಕೆನಡಾದ ರಾಜಧಾನಿ, ನಮ್ಮ ಒಟ್ಟಾವಾದ ಡೌನ್‌ಟೌನ್‌ಗೆ ಕರ್ಕೊಂಡು ಹೋಗಿದ್ದೆ. ನ್ಯಾಷನಲ್ ಗ್ಯಾಲರಿ ಮುಂದಿನ ಮೂವತ್ತಡಿ ಜೇಡದ ಶಿಲ್ಪದ ಹತ್ರ ಎಂದಿನ ಜಾತ್ರೆ. ಅದರ ಕಾಲಡಿ ಚಿಕ್ಕಪ್ಪಂದು ಹದಿನೈದು ಫೋಟೋ ಆಯ್ತು. ಅಲ್ಲೇ ರಸ್ತೆ ದಾಟಿದ್ರೆ ಶಾಂತಿಪಾಲನಾ ಪಡೆಯ (ಅಂದ್ರೆ ಹೊಡೆದಾಡೋ ಎರಡು ಕಡೆಯವರ ಮಧ್ಯ ನಿಂತು ಜಗಳ ತಡೆಯೋಕೆ ಹೋಗೋ ಸೈನಿಕರ) ಸ್ಮಾರಕ, ಅಲ್ಲಿದ್ದಿದ್ದು ನಾವಿಬ್ರು ಮತ್ತೆ ನಾಲ್ಕು ಪಾರಿವಾಳ. ಶಾಂತಿ ಸಂಕೇತ ಅಂತೆಲ್ಲ ಅಂದ್ಕೋಬೇಡಿ, ಯಾರೋ ಬೀಳಿಸಿದ್ದ ಚಿಪ್ಸ್ ತಿನ್ನೋಕೆ ಬಂದಿದ್ವು.

ನೋಡಿಲ್ಲದವರಿಗೆ ಹೇಳ್ತೀನಿ. ಚೂರಿ ಅಲಗಿನ ಥರ ಎರಡು ಕಲ್ಲಿನ ಗೋಡೆ, ಮಧ್ಯದಲ್ಲಿ ಯುದ್ಧದಲ್ಲಿ ಒಡೆದು ಬಿದ್ದ ಕಟ್ಟಡದ ಅವಶೇಷದ ರಾಶಿ, ಗೋಡೆಗಳೆರಡೂ ಮೇಲೇರ್ತಾ ಹೋಗಿ ಒಂದು ಕಡೆ ಕೂಡ್ತವೆ. ಮೇಲೆ ಕಂಚಿನ ಮೂವರು ಸೈನಿಕರು, ಇಬ್ಬರು ಗಂಡಸರು, ಒಬ್ಬಳು ಹೆಂಗಸು. ಜ್ಯಾಕ್ ಹಾರ್ಮನ್ ಅನ್ನೋರು ಮಾಡಿದ ಶಿಲ್ಪ, 1992ರ ಅಕ್ಟೋಬರ್‌ನಲ್ಲಿ ಉದ್ಘಾಟನೆ. ಕುದುರೆ ಇಲ್ಲ, ಎತ್ತಿದ ಕತ್ತಿ ಇಲ್ಲ, ಕಾಲಡಿ ಬಿದ್ದ ಶತ್ರುನೂ ಇಲ್ಲ. ಅವರು ಸುಮ್ನೆ ನೋಡ್ತಾ ನಿಂತಿದ್ದಾರೆ.

ಚಿಕ್ಕಪ್ಪ ಒಂದು ಸುತ್ತು ಹಾಕಿ ಬಂದು ಕೇಳಿದ್ರು, "ಅಲ್ಲ ಕಣಮ್ಮಾ, ಇವ್ರು ಯುದ್ಧನೇ ಮಾಡಿಲ್ವಲ್ಲ, ಇವರಿಗ್ಯಾಕೆ ಸ್ಮಾರಕ?"

ನಂಗೆ ಎಲ್ಲಿತ್ತೋ ಸಿಟ್ಟು. ಯಾಕಂದ್ರೆ ಇದು ಚಿಕ್ಕಪ್ಪ ಒಬ್ರ ಮಾತಲ್ಲ, ನಮ್ಮಲ್ಲಿ ಎಲ್ಲರ ತಲೇಲೂ ಇದೇ ಇರೋದು. ಹೊಡೆದವನು ವೀರ, ಹೊಡೆಸಿಕೊಂಡು ಸತ್ತವನು ಹುತಾತ್ಮ, ಮಧ್ಯ ನಿಂತವನು ಮಾತ್ರ ಕೆಲಸ ಇಲ್ಲದವನು. 1974ರ ಆಗಸ್ಟ್ 9ಕ್ಕೆ ವಿಶ್ವಸಂಸ್ಥೆ ಕೆಲಸದಲ್ಲಿದ್ದ ಕೆನಡಾದ ಬಫೆಲೋ ವಿಮಾನ ಸಿರಿಯಾದ ಕ್ಷಿಪಣಿಗೆ ಸಿಕ್ಕು ಒಂಬತ್ತು ಜನ ಸತ್ರು. ಅವರ‍್ಯಾರೂ ಯಾರ ಮೇಲೂ ಯುದ್ಧಕ್ಕೆ ಹೋದವರಲ್ಲ. ಇಲ್ಲಿ ಶಾಂತಿಪಾಲಕರ ದಿನ ಅಂತ ಮಾಡೋದು ಅದೇ ದಿನ. ಇದನ್ನೆಲ್ಲ ಅಲ್ಲೇ ನಿಂತು ಭಾಷಣ ಬಿಗಿದೆ, ಅವರು "ಹೂಂ ಹೂಂ" ಅಂತ ಕಾಫಿ ಎಲ್ಲಿ ಸಿಗುತ್ತೆ ಅಂತ ಹುಡುಕ್ತಿದ್ರು.

ನಾನೇನು ಭಾರಿ ತಿಳಿದವಳಲ್ಲ, ಒಪ್ಕೋತೀನಿ. ಹನ್ನೊಂದು ವರ್ಷ ಇದರ ಮುಂದೆನೇ ಬಸ್ಸಲ್ಲಿ ಓಡಾಡಿದೀನಿ, ಟ್ರಾಫಿಕ್ ಪೊಲೀಸರದ್ದೇನೋ ಇರಬೇಕು ಅಂದ್ಕೊಂಡಿದ್ದೆ. 1995ರಲ್ಲಿ ಒಂದು ಡಾಲರ್ ನಾಣ್ಯದ ಮೇಲೂ ಇದೇ ಸ್ಮಾರಕ ಇತ್ತಂತೆ, ನನ್ನ ಚಿಲ್ಲರೆ ಡಬ್ಬೀಲೂ ಒಂದಿರಬಹುದೇನೋ, ನೋಡಿದವ್ರು ಯಾರು.

ಮೊನ್ನೆ ಮೊನ್ನೆ ಒಂದಿನ ಹತ್ರ ಹೋಗಿ ಗೋಡೆ ಮೇಲೆ ಕೆತ್ತಿರೋ ಮಿಷನ್‌ಗಳ ಹೆಸರು ಓದ್ತಾ ಇದ್ದಾಗ ಸೈಪ್ರಸ್ ಅಂತ ಕಂಡಿದ್ದು. 1964. ಮನೆಗೆ ಬಂದು ಓದ್ತಾ ಕೂತ್ರೆ, ಆ ಪಡೆಯ ಕಮಾಂಡರ್ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ! ಭೂಸೇನೆಯ ಮುಖ್ಯಸ್ಥರಾಗಿ ರಿಟೈರ್ ಆದ್ಮೇಲೆ 1964ರ ಜುಲೈಲಿ ಹೋದ್ರು, ಗ್ರೀಕರಿಗೂ ತುರ್ಕರಿಗೂ ಮಧ್ಯ ನಿಂತ್ರು, 1965ರ ಡಿಸೆಂಬರ್ 18ಕ್ಕೆ ಅಲ್ಲೇ ತೀರಿಕೊಂಡ್ರು, ಐವತ್ತೊಂಬತ್ತು ವಯಸ್ಸು. ಸೈಪ್ರಸ್ ರಾಜಧಾನಿ ನಿಕೋಸಿಯಾನ ಸೀಳೋ ಗೆರೆಗೆ ಗ್ರೀನ್ ಲೈನ್ ಅಂತಾರೆ, ಯಾಕಂದ್ರೆ ಒಬ್ಬ ಬ್ರಿಟಿಷ್ ಅಧಿಕಾರಿ ಮ್ಯಾಪಿನ ಮೇಲೆ ಹಸಿರು ಪೆನ್ಸಿಲ್‌ನಲ್ಲಿ ಎಳೆದಿದ್ದಂತೆ. ಆ ಪೆನ್ಸಿಲ್ ಗೆರೆ ಕಾಯೋಕೆ ಕೆನಡಾದ ಹುಡುಗರು 1993ರವರೆಗೂ ಸರದಿ ಮೇಲೆ ಹೋಗಿದ್ದಾರೆ. ಅವರ ಮೊದಮೊದಲ ಬ್ಯಾಚ್‌ಗಳಿಗೆ ಬಾಸ್ ಮಡಿಕೇರಿಯವರು! (ನಿನ್ನೆ ಚಿಕ್ಕಪ್ಪಂಗೆ ಬಿಗಿದ ಭಾಷಣದಲ್ಲಿ ಇದೂ ಇತ್ತು.)

ಮಡಿಕೇರಿಗೆ ನಾನು ಎಷ್ಟು ಸಲ ಹೋಗಿಲ್ಲ. ತಿಮ್ಮಯ್ಯ ಸರ್ಕಲ್‌ನಲ್ಲಿ ನಿಂತು ರಾಜಾಸೀಟ್ ಯಾವ ಕಡೆ ಅಂತ ಕೇಳಿದೀನಿ. 2023ರಲ್ಲಿ ಬಸ್ ಗುದ್ದಿ ಅವರ ಪ್ರತಿಮೆ ಉರುಳಿದಾಗ ವಾಟ್ಸ್ಯಾಪಲ್ಲಿ ಬಂದ ಫೋಟೋಗೆ ಅಳೋ ಎಮೋಜಿ ಹಾಕಿದೀನಿ. ಮೆರವಣಿಗೆ ಮಾಡಿ ಅಂತ ಹೇಳ್ತಿಲ್ಲ ಕಣ್ರೀ, ಈ ಮನುಷ್ಯ ಸತ್ತಿದ್ದು ಎಲ್ಲಿ, ಯಾಕೆ ಅನ್ನೋದಾದ್ರೂ ಗೊತ್ತಿರಬೇಡ್ವಾ? ಅದೇ ಎಲ್ಲಾದ್ರೂ ಟ್ಯಾಂಕ್ ಹತ್ತಿ ಹೋಗಿ ಸತ್ತಿದ್ರೆ ಪಾಠಪುಸ್ತಕದಲ್ಲಿ ಬಂದಿರೋದು. ಭಾರತದಿಂದ ಈ ಕೆಲಸಕ್ಕೆ ಹೋದವರು ಎರಡೂಮುಕ್ಕಾಲು ಲಕ್ಷಕ್ಕೂ ಜಾಸ್ತಿ, ಸತ್ತವರು ನೂರೈವತ್ತಕ್ಕೂ ಜಾಸ್ತಿ. ಕಾಂಗೋದಲ್ಲಿ 1961ರಲ್ಲಿ ಸತ್ತ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರನೇ ಬಂತು. ಕೇಳಿದೀರಾ? ನಾನೂ ಕೇಳಿರಲಿಲ್ಲ.

ಈಗ ಕಾಮೆಂಟಲ್ಲಿ ಬುದ್ಧಿವಂತರು ಬರ್ತಾರೆ, ಗೊತ್ತು. ಈ ಸ್ಮಾರಕ ಕಟ್ಟಿ ಆರು ತಿಂಗಳಾಗಿರಲಿಲ್ಲ, ಸೊಮಾಲಿಯಾದಲ್ಲಿ ಕೆನಡಾದ ಸೈನಿಕರೇ ಹದಿನಾರರ ಹುಡುಗನ್ನ ಚಿತ್ರಹಿಂಸೆ ಕೊಟ್ಟು ಕೊಂದ್ರಲ್ಲ, ಆ ರೆಜಿಮೆಂಟನ್ನೇ 1995ರಲ್ಲಿ ಮುಚ್ಚಿದ್ರಲ್ಲ? 1994ರಲ್ಲಿ ರುವಾಂಡಾದಲ್ಲಿ ನರಮೇಧ ಆಗುವಾಗ ನೀಲಿ ಹೆಲ್ಮೆಟ್‌ಗಳು (ಇದೇ ಶಾಂತಿಪಾಲಕರು) ಏನ್ ಕಿತ್ತು ಹಾಕಿದ್ವು? ಈಗ ಕೆನಡಾ ಕಳಿಸೋದು ನೂರು ಜನನೂ ಇಲ್ವಲ್ಲ? ಎಲ್ಲಾ ನಿಜ. ಸೊಮಾಲಿಯಾದ್ದಂತೂ ತೊಳೆದ್ರೂ ಹೋಗದ ಕಲೆ. ರುವಾಂಡಾದಲ್ಲಿ ಕಮಾಂಡರ್ ಆಗಿದ್ದವರೂ ಕೆನಡಾದವರೇ, ರೋಮಿಯೋ ಡಲೇರ್, ಮೊದಲೇ ಎಚ್ಚರಿಕೆ ಕೊಟ್ಟು ಜನ ಕಳಿಸಿ ಅಂತ ಗೋಗರೆದ್ರೆ ಮೇಲಿನವರು ಇದ್ದವರಲ್ಲೂ ಹೆಚ್ಚಿನವರನ್ನ ವಾಪಸ್ ಕರೆಸಿಕೊಂಡ್ರು. ಆಮೇಲೆ ನೋಡಿ, ಮಧ್ಯ ನಿಂತವರದ್ದೇ ತಪ್ಪು!

ಇಷ್ಟೊಂದು ಯಾಕೆ ಉರೀತು ಅಂದ್ರೆ, ಹೇಳೇ ಬಿಡ್ತೀನಿ. ಚಿಕ್ಕಪ್ಪ ಫೇಸ್‌ಬುಕ್ಕಲ್ಲಿಲ್ಲ, ಅದೇ ಧೈರ್ಯ. ತಾತನ ತೋಟ ಪಾಲಾಗುವಾಗ ದೊಡ್ಡಪ್ಪಂಗೂ ಚಿಕ್ಕಪ್ಪಂಗೂ ಮಚ್ಚು ಹಿಡಿಯೋವರೆಗೂ ಹೋಗಿತ್ತು. ಮಧ್ಯ ನಿಂತಿದ್ದು ನಮ್ಮಪ್ಪ. ಆರು ವರ್ಷ ಆ ಮನೆಯಿಂದ ಈ ಮನೆಗೆ ಓಡಾಡಿ, ಇಬ್ಬರ ಹತ್ರನೂ ಬೈಸಿಕೊಂಡು, ತನ್ನ ಪಾಲಲ್ಲೇ ಎರಡು ಗುಂಟೆ ಬಿಟ್ಟುಕೊಟ್ಟು ಮುಗಿಸಿದ್ರು. ಅಣ್ಣ ತಮ್ಮ ಒಂದಾದ್ರು, ಆಮೇಲೆ ನಮ್ಮಪ್ಪನ ಜೊತೆ ಇಬ್ರೂ ಮಾತು ಬಿಟ್ರು. ಅಪ್ಪ ಹೋದಾಗ ಹದಿಮೂರನೇ ದಿನಕ್ಕೆ ಬಂದು ಇದೇ ಚಿಕ್ಕಪ್ಪ ಹೇಳಿದ್ದು, "ಒಳ್ಳೆಯವನು ಪಾಪ, ಏನೂ ಮಾಡ್ಲಿಲ್ಲ ಜೀವನದಲ್ಲಿ." ನಿನ್ನೆ ಆ ಗೋಡೆ ಹತ್ರ ಇದು ಬಾಯಿವರೆಗೂ ಬಂತು. ನುಂಗ್ಕೊಂಡು ಕಾಫಿ ಕೊಡಿಸಿದೆ.

ರಾತ್ರಿ ಸ್ಪೀಕರ್ ಆನ್ ಮಾಡ್ಕೊಂಡು ಮೈಸೂರಿನ ಫ್ರೆಂಡ್ ಹತ್ರ ಮಾತಾಡ್ತಿದ್ರು. "ಒಟ್ಟಾವಾದಲ್ಲಿ ನಮ್ಮ ಜನರಲ್ ತಿಮ್ಮಯ್ಯಂಗೆ ಎಷ್ಟು ದೊಡ್ಡ ಸ್ಮಾರಕ ಕಟ್ಟಿದಾರೆ ಗೊತ್ತೇನಯ್ಯಾ, ಕಂಚಿಂದು!"

ಪಾತ್ರೆ ತೊಳೀತಿದ್ದೆ. ತಿದ್ದೋಕೆ ಹೋಗ್ಲಿಲ್ಲ.